ಹೆಸರಿಲ್ಲದ ದಿನದ ಪ್ರಸಾದ



ಶೀಗೀ ಹುಣ್ಣಿಮೆ ಕಳೆಯಿತು. ದೀಪಾವಳಿ ಇನ್ನೂ ಬಂದಿಲ್ಲ. ಆಶ್ವಯುಜ ಬಹುಳದ ಈ ನಡುವಿನ ಹತ್ತು ಹನ್ನೆರಡು ದಿನಗಳಿಗೆ ಪಂಚಾಂಗದಲ್ಲಿ ತಿಥಿ ವಾರಗಳುಂಟೇ ಹೊರತು ಹಬ್ಬದ ಹೆಸರಿಲ್ಲ. ಬನ್ನಿ ಕೊಟ್ಟು ಬಂಗಾರದಂತಿರೋಣವೆಂದು ಪರಸ್ಪರ ಹೇಳಿಕೊಂಡ ಮಾತು ಹಳೆಯದಾಯಿತು. ಚರಗ ಚೆಲ್ಲಲು ಹೊಲಕ್ಕೆ ಒಯ್ದಿದ್ದ ಬುತ್ತಿಯ ಪಾತ್ರೆಗಳನ್ನು ತೊಳೆದು ಬೋರಲಿಟ್ಟಾಯಿತು. ಹಣತೆಗಳು ಇನ್ನೂ ಅಟ್ಟದ ಮೇಲೆಯೇ ಇವೆ. ಇಂಥ ದಿನದಲ್ಲಿ ಮನೆಗೆ ಬಂದವರು “ಇಂದು ಏನು ವಿಶೇಷ?” ಎಂದು ಕೇಳಿದರೆ, “ವಿಶೇಷವೇನೂ ಇಲ್ಲ, ದಿನದ ಹಾಗೆಯೇ” ಎಂದು ಗೃಹಸ್ಥನು ಉತ್ತರ ಕೊಡುತ್ತಾನೆ. ಆ ಉತ್ತರವನ್ನೇ ಈ ಸಲದ ಚಿಂತನಕ್ಕೆ ವಿಷಯವಾಗಿ ತೆಗೆದುಕೊಳ್ಳೋಣ.

ಬಸವಾದಿ ಪ್ರಮಥರು ತಿಥಿವಾರಗಳ ಶುಭಾಶುಭವನ್ನು ಒಪ್ಪಲಿಲ್ಲವೆಂಬುದು ತಮಗೆಲ್ಲ ತಿಳಿದ ಸಂಗತಿ. ಮುಹೂರ್ತ ಕೇಳಲು ಓಡುವವರನ್ನು ಕಂಡಾಗ ನಾವು ಈ ತತ್ತ್ವವನ್ನು ಬಲವಾಗಿಯೇ ಎತ್ತಿ ಹೇಳುತ್ತೇವೆ. ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಆ ಮಗ್ಗುಲಿಗೆ ನಾವು ಹೊರಳುವುದೇ ಇಲ್ಲ. ಅಶುಭವಾದ ದಿನವಿಲ್ಲವೆಂದ ಮೇಲೆ ಬರಿದಾದ ದಿನವೂ ಇರಲಾರದಷ್ಟೆ? ಹಬ್ಬದ ಹೋಳಿಗೆಯನ್ನು ಲಿಂಗಕ್ಕೆ ತೋರಿ ಉಣ್ಣುವವನು ದಿನದ ರೊಟ್ಟಿಯನ್ನು ಯಾವ ಲೆಕ್ಕಕ್ಕೆ ಹಿಡಿದಿದ್ದಾನೆ? ಶರಣರು ದೊಡ್ಡ ಹಬ್ಬಗಳನ್ನು ಸಣ್ಣದು ಮಾಡಲು ಬಂದವರಲ್ಲ, ಸಣ್ಣ ದಿನಗಳನ್ನು ದೊಡ್ಡದು ಮಾಡಲು ಬಂದವರು ಎಂದು ನಮ್ಮ ತಿಳಿವಳಿಕೆ.

ಮಾತು ಬರಿಯ ಗಾಳಿಯಲ್ಲಿ ಹೋಗಬಾರದೆಂದು ಒಂದು ಊರನ್ನು ಹಿಡಿದು ಹೇಳುತ್ತೇವೆ. 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿದ್ದು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಇಳಕಲ್ಲು ಆ ಊರು. ಅಲ್ಲಿ ನೇಕಾರನೂ ಇದ್ದಾನೆ, ಒಕ್ಕಲಿಗನೂ ಇದ್ದಾನೆ, ವ್ಯಾಪಾರಸ್ಥನೂ ಇದ್ದಾನೆ, ಕೆಂಪು ಕಲ್ಲು ಕಡಿಯುವವನೂ ಇದ್ದಾನೆ; ಅಣ್ಣನವರು ವಿದ್ಯೆ ಕಲಿತ ಕೂಡಲಸಂಗಮವೂ ಅಲ್ಲಿಂದ ಬಹುದೂರವಲ್ಲ. ತಮ್ಮ ಊರು ಬೇರೆಯಾಗಿದ್ದರೆ ಹೆಸರನ್ನು ಬದಲಾಯಿಸಿಕೊಂಡು ಓದಿರಿ. ಶರತ್ಕಾಲದ ಬಿಸಿಲು ಒಂದೇ ಊರಿನ ಮೇಲೆ ಬೀಳುವುದಿಲ್ಲ.

ಬೆಳಗಿನ ಜಾವ. ಚಿತ್ತೆಯ ಮಳೆ ಹಿಂದಿನ ಸಂಜೆ ಒಂದಿಷ್ಟು ಬಡಿದು ಹೋಗಿದೆ. ಬಾಗಿಲು ತೆರೆದರೆ ಊರ ಹೊರಗಣ ಎರೆಯ ಹೊಲಗಳಿಂದ ಮಣ್ಣಿನ ಗಂಧ ಬರುತ್ತದೆ. ಮುಂಗಾರಿನ ಮೊದಲ ಮಳೆಯ ಗಂಧವನ್ನು ಹೊಗಳದವರಿಲ್ಲ. ಅದು ಕಾದ ನೆಲದ ಗಂಧ, ತಾನೇ ಎದ್ದು ಬಂದು ದಾರಿಹೋಕನನ್ನೂ ನಿಲ್ಲಿಸುತ್ತದೆ. ಹಿಂಗಾರಿನ ನೆಲದ ಗಂಧ ಹಾಗಲ್ಲ. ನಾಲ್ಕು ತಿಂಗಳು ನೀರು ಕುಡಿದು ತಣಿದ ನೆಲದ ಗಂಧವದು, ನೆಲಕ್ಕೇ ಅಂಟಿಕೊಂಡಿರುತ್ತದೆ. ನಾವೇ ನಿಂತು ಅದಕ್ಕೆ ಮೂಗು ಕೊಡಬೇಕು. ಒಕ್ಕಲಿಗನಿಗೆ ಇದು ಬರಿಯ ಸೊಗಸೂ ಅಲ್ಲ. ಎರೆಭೂಮಿ ತನ್ನೊಡಲಲ್ಲಿ ಹಿಡಿದಿಟ್ಟ ಈ ತೇವದ ಬಲದಿಂದಲೇ ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಮುಂದಿನ ಮಳೆಯಿಲ್ಲದ ತಿಂಗಳುಗಳನ್ನು ದಾಟಿ ಕೊಯ್ಲಿಗೆ ಬರಬೇಕು. ಒಂದು ಮುಷ್ಟಿ ಮಣ್ಣು ಹಿಡಿದು, ಹಿಚುಕಿ, ಮೂಸಿ ನೋಡುವ ಮುದುಕ ಒಕ್ಕಲಿಗನು ವರ್ಷದ ಅನ್ನವನ್ನೇ ಮೂಸಿ ನೋಡುತ್ತಿರುತ್ತಾನೆ.

ಇಲ್ಲಿ ನಮ್ಮ ಷಟ್‌ಸ್ಥಲ ಶಾಸ್ತ್ರದ ಒಂದು ಮಾತು ನೆನಪಿಗೆ ಬರುತ್ತದೆ. ಇಷ್ಟಲಿಂಗವೊಂದೇ ಅಂಗದಲ್ಲಿ ಆರಾಗಿ ನೆಲೆಸಿದೆಯೆಂದು ಹಿರಿಯರು ನಿರೂಪಿಸಿದ್ದಾರೆ. ಘ್ರಾಣದಲ್ಲಿ ಆಚಾರಲಿಂಗ, ಅದಕ್ಕೆ ಗಂಧವೇ ಅರ್ಪಿತ. ನಾಲಗೆಯಲ್ಲಿ ಗುರುಲಿಂಗ, ಅದಕ್ಕೆ ರುಚಿ. ನೇತ್ರದಲ್ಲಿ ಶಿವಲಿಂಗ, ಅದಕ್ಕೆ ರೂಪು. ತ್ವಕ್ಕಿನಲ್ಲಿ ಜಂಗಮಲಿಂಗ, ಅದಕ್ಕೆ ಸ್ಪರ್ಶ. ಶ್ರೋತ್ರದಲ್ಲಿ ಪ್ರಸಾದಲಿಂಗ, ಅದಕ್ಕೆ ಶಬ್ದ. ಹೃದಯದಲ್ಲಿ ಮಹಾಲಿಂಗ, ಅದಕ್ಕೆ ತೃಪ್ತಿ. ಈ ಕೋಷ್ಟಕವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಜನರಿದ್ದಾರೆ. ಪರೀಕ್ಷೆಯಲ್ಲಿ ಬರೆದು ಬಹುಮಾನ ಪಡೆದವರೂ ಇದ್ದಾರೆ. ಆದರೆ ಅದನ್ನು ಬೆಳಗಿನ ಬಾಗಿಲಲ್ಲಿ ನಿಂತು ಒಮ್ಮೆಯಾದರೂ ಉಪಯೋಗಕ್ಕೆ ತಂದವರೆಷ್ಟು ಜನ? ಇಂದ್ರಿಯಗಳು ವೈರಿಗಳೆಂಬ ಮಾತು ಅನ್ಯರ ಶಾಸ್ತ್ರಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಶರಣರು ಆ ಐದು ಬಾಗಿಲುಗಳನ್ನು ಮುಚ್ಚಿರೆನ್ನಲಿಲ್ಲ. ಒಂದೊಂದು ಬಾಗಿಲಲ್ಲಿಯೂ ಲಿಂಗವನ್ನು ಕುಳ್ಳಿರಿಸಿದರು. ಒಳಗೆ ಬರುವುದೆಲ್ಲ ಆತನಿಗೆ ತೋರಿ ಬರಲಿ ಎಂದರು. ತೋರುವ ಮೊದಲು ಅದು ಪದಾರ್ಥ, ತೋರಿದ ಬಳಿಕ ಪ್ರಸಾದ. ವಸ್ತುವಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಿರುವುದಿಲ್ಲ.

ಮೂಡಲು ಕೆಂಪಾಗುವ ಹೊತ್ತಿಗೆ ಇಳಕಲ್ಲಿನ ಓಣಿಗಳಲ್ಲಿ ಎರಡು ಸಪ್ಪಳಗಳು ಕೇಳಿಬರುತ್ತವೆ. ಒಂದು, ಕೊಣಮಿಗೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ; ಇನ್ನೊಂದು, ಹೊಕ್ಕಿನ ಎಳೆಯನ್ನು ಹಾಸಿಗೆ ಬಡಿದು ಕೂಡಿಸುವ ಮಗ್ಗದ ಸಪ್ಪಳ. ವಿದ್ಯುತ್ ಮಗ್ಗಗಳ ಗದ್ದಲವು ಕೈಮಗ್ಗದ ದನಿಯನ್ನು ಎಷ್ಟೋ ಓಣಿಗಳಲ್ಲಿ ನುಂಗಿಬಿಟ್ಟಿದೆಯೆಂಬುದು ನಿಜ. ಆದರೂ ಉಳಿದಲ್ಲಿ ಉಳಿದಿದೆ. ರೊಟ್ಟಿಯ ಸಪ್ಪಳವಂತೂ ಯಾರಿಂದಲೂ ನುಂಗಿಸಿಕೊಂಡಿಲ್ಲ. ಮನೆಯಲ್ಲಿ ಆ ಸಪ್ಪಳ ಕೇಳುತ್ತಿರುವಾಗ ಹಾಸಿಗೆಯಲ್ಲಿ ಇನ್ನೂ ಕಣ್ಣು ಮುಚ್ಚಿಕೊಂಡಿರುವ ಹುಡುಗನಿಗೆ ಜಗತ್ತು ಕ್ಷೇಮವಾಗಿದೆಯೆಂಬ ಭರವಸೆ ಇರುತ್ತದೆ. ಅದನ್ನು ಅವನು ಹೇಳಲಾರ. ಅವನು ಬೆಳೆದು ಬೆಂಗಳೂರಿಗೋ ಪುಣೆಗೋ ಉದ್ಯೋಗಕ್ಕೆ ಹೋಗಿ, ಒಂದು ಬೆಳಗು ಎಚ್ಚರವಾದಾಗ ಆ ಸಪ್ಪಳ ಇಲ್ಲದಿರುವುದನ್ನು ಕಂಡು ಮೊದಲ ಬಾರಿಗೆ ಅದನ್ನು ಕೇಳುತ್ತಾನೆ. (ಹಬ್ಬಕ್ಕೆ ಮಾತ್ರ ಊರಿಗೆ ಬಂದು ಹೋಗುವ ಮಕ್ಕಳು ಹಬ್ಬವನ್ನು ಕಂಡು ಹೋಗುತ್ತಾರೆ, ಊರನ್ನು ಕಾಣುವುದಿಲ್ಲ. ಸಾಧ್ಯವಿದ್ದವರು ಇಂಥ ಹೆಸರಿಲ್ಲದ ದಿನಗಳಲ್ಲಿ ಒಮ್ಮೆ ಬರಬೇಕು.)

ಕೈಮಗ್ಗದ ಮಾತು ಬಂದುದರಿಂದ ಒಂದು ಸಣ್ಣ ಸುಖವನ್ನು ಹೇಳದೆ ಮುಂದುವರಿಯಲಾರೆವು. ನೇಕಾರನ ಮನೆಯ ಹೊರತು ಬೇರೆಯವರಿಗೆ ಅದು ತಿಳಿದಿರುವುದು ಕಡಿಮೆ. ಇಳಕಲ್ ಸೀರೆಯ ಸಾಂಪ್ರದಾಯಿಕ ಮಗ್ಗ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು, ತುಳಿಗೆಗಳನ್ನು ತುಳಿಯುತ್ತ ನೇಕಾರನು ಕುಳಿತಿರುತ್ತಾನೆ. ಮಳೆಗಾಲದಲ್ಲಿ ಆ ಕುಣಿಗೆ ತೇವವೇರುತ್ತದೆ. ಮಳೆ ಹೆಚ್ಚಾದ ವರ್ಷ ನೀರೇ ಜಿನುಗುತ್ತದೆ. ದಿನವಿಡೀ ಪಾದಗಳು ತಂಪಿನಲ್ಲಿ ಮರಗಟ್ಟಿ, ಮೊಣಕಾಲು ಹಿಡಿದುಕೊಂಡು, ರಾತ್ರಿ ನಿದ್ರೆಯಿಲ್ಲ. ನೂಲೂ ತೇವಕ್ಕೆ ಹದಗೆಡುತ್ತದೆ. ಗಂಜಿ ಉಣಿಸಿದ ಹಾಸು ಒಣಗುವುದಿಲ್ಲ. ಶರತ್ಕಾಲದ ಬಿಸಿಲು ನಾಲ್ಕು ದಿನ ಬಿದ್ದಿತೆಂದರೆ ಕುಣಿಯ ಮಣ್ಣು ಒಣಗುತ್ತದೆ. ಅಂದು ಬೆಳಿಗ್ಗೆ ನೇಕಾರನು ಕಾಲು ಇಳಿಬಿಟ್ಟಾಗ ಪಾದಕ್ಕೆ ಒಣಗಿದ ನೆಲ ಮುಟ್ಟುತ್ತದೆ. ಅಷ್ಟೇ. ಆ ಮುಟ್ಟುವಿಕೆಗೆ ಯಾರೂ ಹೆಸರಿಟ್ಟಿಲ್ಲ. ತ್ವಕ್ಕಿನಲ್ಲಿ ಜಂಗಮಲಿಂಗ, ಸ್ಪರ್ಶವೇ ಅರ್ಪಿತ ಎಂದು ಶಾಸ್ತ್ರ ಹೇಳುವಾಗ ಗಂಧ ಪುಷ್ಪಗಳ ಮೃದುಸ್ಪರ್ಶವನ್ನೇ ನಾವು ಕಲ್ಪಿಸಿಕೊಳ್ಳುತ್ತೇವೆ. ಒಣಗಿದ ಕುಣಿಯ ತಳವು ನೇಕಾರನ ಅಂಗಾಲಿಗೆ ಕೊಟ್ಟ ಸುಖವನ್ನು ಲಿಂಗವು ಬೇಡವೆನ್ನುವುದೇ? ಜೇಡರ ದಾಸಿಮಯ್ಯನವರು ಮಗ್ಗದ ಮೇಲೆ ಕುಳಿತೇ ಆತನನ್ನು ಒಲಿಸಿಕೊಂಡವರು. ಅವರ ಕಾಲಿಗೂ ಇಂಥ ಒಂದು ಬೆಳಗು ಬಂದಿರಲೇಬೇಕು.

ಹೊಲದ ಕಡೆಯ ನೋಟವನ್ನು ಬೇಗ ಹೇಳಿ ಮುಗಿಸುತ್ತೇವೆ. ಅದು ಎಲ್ಲರ ಕಣ್ಣಿಗೂ ಬೀಳುವಂಥದು. ಆಕಾಶ ತೊಳೆದಂತಿದೆ. ಮೊದಲು ಬಿತ್ತಿದ ಹೊಲಗಳಲ್ಲಿ ಜೋಳದ ಮೊಳಕೆ ಸಾಲುಹಿಡಿದು ನಿಂತಿದೆ. ಹಿಂದುಳಿದ ಹೊಲಗಳಲ್ಲಿ ಕೂರಿಗೆ ನಡೆದಿದೆ. ಈಗ ಟ್ರ್ಯಾಕ್ಟರಿನ ಕೂರಿಗೆಯೇ ಹೆಚ್ಚು. ತೊಗರಿ ಹಳದಿ ಹೂ ಬಿಡಲು ತೊಡಗಿದೆ. ಕೂಡಲಸಂಗಮಕ್ಕೆ ಹೋದವರು ಇನ್ನೊಂದನ್ನು ಕಾಣಬಹುದು: ಮಳೆಗಾಲದಲ್ಲಿ ಕೆಂಪಗೆ ಮೈದುಂಬಿದ್ದ ಕೃಷ್ಣೆ ಮಲಪ್ರಭೆಗಳು ಈಗ ತಿಳಿಯಾಗತೊಡಗಿರುತ್ತವೆ. ನಾರಾಯಣಪುರದ ಜಲಾಶಯದ ಹಿನ್ನೀರು ಸುತ್ತುವರಿದು ನಿಂತಿರುತ್ತದೆ. ನಡುವೆ ಗೋಡೆಯ ಬಳಸಿನೊಳಗೆ ಮೆಟ್ಟಿಲಿಳಿದು ಹೋದರೆ ಅಣ್ಣನವರ ಐಕ್ಯಸ್ಥಾನ.

ಮಧ್ಯಾಹ್ನದ ಊಟಕ್ಕೆ ಬರೋಣ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು, ಗುದ್ದಿದ ಉಳ್ಳಾಗಡ್ಡಿ. ಹೊಸ ಸಜ್ಜೆ ಬಂದ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಇದೆಲ್ಲ ಮುಗಿದ ಮೇಲೆ, ಈ ಕಾಲಕ್ಕೆ ಮಾತ್ರ ಮನೆಯಲ್ಲಿರುವ ಒಂದು ವಸ್ತುವಿದೆ. ಅದೇ ಸೀತಾಫಲ. ನೀರಿಲ್ಲದ ಕಲ್ಲುಗುಡ್ಡಗಳಲ್ಲಿ, ಯಾರೂ ನೆಡದೆ, ಯಾರೂ ಗೊಬ್ಬರ ಹಾಕದೆ, ದನಕರುಗಳೂ ಮೂಸದ ಕಹಿ ಎಲೆಯ ಗಿಡದಲ್ಲಿ ಈ ಅಮೃತ ತುಂಬಿಕೊಳ್ಳುತ್ತದೆ. ಕಣ್ಣು ಬಿಟ್ಟ ಕಾಯನ್ನು ನೋಡಿ ಹರಿದು ತಂದು, ಎರಡು ದಿನ ಜೋಳದ ಕಾಳಿನಲ್ಲೋ ಹುಲ್ಲಿನಲ್ಲೋ ಹುಗಿದಿಡಬೇಕು. ಬೆಳಿಗ್ಗೆ ಮಕ್ಕಳು ಕೈಹಾಕಿ ಒತ್ತಿ ನೋಡಿ, ಇನ್ನೂ ಗಟ್ಟಿ ಎಂದು ನಿಟ್ಟುಸಿರುಬಿಟ್ಟು ಶಾಲೆಗೆ ಹೋಗುತ್ತಾರೆ. ಸಂಜೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಈ ಹಣ್ಣಿನಲ್ಲಿ ಒಂದು ವಿಶೇಷ ಗುಣವಿದೆ: ಇದನ್ನು ಅವಸರದಿಂದ ತಿನ್ನಲು ಬರುವುದಿಲ್ಲ. ಬಾಳೆಹಣ್ಣನ್ನು ನಡೆಯುತ್ತ ತಿನ್ನಬಹುದು. ಸೀತಾಫಲಕ್ಕೆ ಕುಳಿತುಕೊಳ್ಳಬೇಕು. ತೊಳೆ ತೊಳೆಗೂ ಒಂದು ಬೀಜ. ನಾಲಗೆ ಅದನ್ನು ಬೇರ್ಪಡಿಸಿ ಹೊರಗೆ ಹಾಕುವವರೆಗೆ ಮುಂದಿನ ತೊಳೆಗೆ ಕೈಹಾಕುವಂತಿಲ್ಲ. ಅವಧಾನವನ್ನು ಹಣ್ಣೇ ಕಲಿಸುತ್ತದೆ.

ಅವಧಾನವೆಂಬ ಈ ಶಬ್ದವನ್ನು ನಾವು ಸುಮ್ಮನೆ ಬಳಸಿಲ್ಲ. ಆರು ಸ್ಥಲಗಳಿಗೆ ಆರು ಭಕ್ತಿಗಳನ್ನು ಹಿರಿಯರು ಹೇಳಿದ್ದಾರೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ. ಮೂರನೆಯವನಾದ ಪ್ರಸಾದಿಗೆ ಅವಧಾನ. ಅನುಭವ, ಆನಂದ, ಸಮರಸಗಳು ಅದರ ನಂತರದವು. ಶ್ರದ್ಧೆಯೂ ನಿಷ್ಠೆಯೂ ನಮ್ಮ ಜನರಲ್ಲಿ ಸಾಕಷ್ಟಿವೆ. ಲಿಂಗಪೂಜೆ ತಪ್ಪಿಸದವರು, ವ್ರತ ಬಿಡದವರು ಮನೆಮನೆಗೆ ಸಿಗುತ್ತಾರೆ. ಮೂರನೆಯ ಮೆಟ್ಟಿಲಲ್ಲಿಯೇ ಜನ ತಡೆದು ನಿಲ್ಲುವುದು. ಆನಂದ ಬೇಕೆಂದು ಬಯಸುವವರು ಅದಕ್ಕಿಂತ ಮೊದಲು ಅವಧಾನವೆಂಬ ಮೆಟ್ಟಿಲಿದೆಯೆಂಬುದನ್ನು ಗಮನಿಸುವುದೇ ಇಲ್ಲ. ಎಡಗೈಯಲ್ಲಿ ಮೊಬೈಲು ಹಿಡಿದು, ಬಲಗೈಯಿಂದ ತುತ್ತು ಎತ್ತುತ್ತ, ಉಂಡುದು ಏನೆಂದು ಕೇಳಿದರೆ ತಟ್ಟೆಯ ಕಡೆಗೆ ನೋಡಿ ಉತ್ತರ ಹೇಳುವ ಯಜಮಾನನ ಕೊರಳಲ್ಲಿ ಲಿಂಗವಿರಬಹುದು. ಆ ಊಟದಲ್ಲಿ ಪ್ರಸಾದವಿರಲಿಲ್ಲ. ಕಠಿಣವಾದ ಮಾತೆನಿಸಿದರೆ ಕ್ಷಮೆಯಿರಲಿ, ಆದರೆ ಹಿಂದೆಗೆದುಕೊಳ್ಳಲಾರೆವು.

ಮಗ್ಗದ ಮನೆಯವರಿಗೆ ಇದನ್ನು ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆಯ ಎಳೆಗಳನ್ನು ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಆ ಕೆಂಪು ಸೆರಗು ಒಡಲಿಗೆ ಅಂಟಿ ಬರುವುದು. ಇದಕ್ಕೆ ಕೊಂಡಿ ಎನ್ನುತ್ತಾರೆ. ಮನೆಯವರು ಕೂಡಿ ಕುಳಿತು, ಕಣ್ಣಿಟ್ಟು ಮಾಡುವ ಕೆಲಸವದು. ಕೊಂಡಿ ಸಡಿಲಾದಲ್ಲಿ ಸೆರಗು ಎಷ್ಟೇ ಚೆಲುವಾಗಿದ್ದರೂ ಒಡಲಿನದಾಗುವುದಿಲ್ಲ.

ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗವೊಂದು ಬರುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ; ಪ್ರತಿದಿನ ಅಸಂಖ್ಯಾತ ಜಂಗಮರಿಗೆ ದಾಸೋಹ. ಆ ಮನೆಯ ಪ್ರಸಾದದ ಕುಂಡದ ಬಳಿ ಹನ್ನೆರಡು ವರ್ಷ ಪ್ರಸಾದವನ್ನೇ ನಂಬಿಕೊಂಡು, ಮರುಳನ ಹಾಗೆ, ಯಾರಿಗೂ ತನ್ನ ನಿಲವನ್ನು ತೋರಗೊಡದೆ ಒಬ್ಬ ಮಹಾಶರಣನು ಇದ್ದನು. ಮನೆಯವರು ನೋಡುತ್ತಿದ್ದರು, ಹೋಗುವವರು ಬರುವವರು ನೋಡುತ್ತಿದ್ದರು. ಯಾರೂ ಕಾಣಲಿಲ್ಲ. ಅಲ್ಲಮಪ್ರಭುದೇವರು ಬಂದು ತೋರಿದ ಮೇಲೆಯೇ ಬಸವಣ್ಣನವರಿಗೂ ಅದು ತಿಳಿಯಿತು. ಈ ಕಥೆಯನ್ನು ಕೇಳುವಾಗಲೆಲ್ಲ ನಮಗೆ ಆಶ್ಚರ್ಯವಾಗುವುದು ಮರುಳಶಂಕರದೇವರ ಗುಪ್ತಭಕ್ತಿಯ ವಿಷಯಕ್ಕಲ್ಲ. ದೂರದೇಶಗಳಿಂದ ಶರಣರು ಬಂದರೆ ಎದ್ದು ಹೋಗಿ ಎದುರುಗೊಳ್ಳುತ್ತಿದ್ದ ಮನೆ ಅದು. ಅಂಥ ಮನೆಯಲ್ಲಿಯೂ ದಿನವೂ ಕಣ್ಣೆದುರಿಗಿದ್ದುದು ಕಾಣದೆ ಹೋಯಿತು. ದಿನವೂ ಇದ್ದುದರಿಂದಲೇ ಕಾಣದೆ ಹೋಯಿತು. ಇನ್ನು ನಮ್ಮ ನಿಮ್ಮ ಅಂಗಳಗಳ ಗತಿಯೇನು?

ಇಷ್ಟು ಕೇಳಿದ ಮೇಲೆ ವಿಚಾರವಂತರೊಬ್ಬರು ಪ್ರಶ್ನೆ ಮಾಡಬಹುದು: ಹಣ್ಣಿನ ರುಚಿ, ಮಣ್ಣಿನ ಗಂಧ ಎಂದು ಹೀಗೆ ಹೊಗಳುತ್ತ ಹೋದರೆ ಅದು ವಿಷಯಸುಖಕ್ಕೆ ಪರವಾನಗಿ ಕೊಟ್ಟಂತಾಗದೆ? ವಚನಕಾರರು ಇಂದ್ರಿಯಗಳ ಹರಿದಾಟವನ್ನು ಎಷ್ಟು ಕಡೆ ಹಳಿದಿಲ್ಲ? ಪ್ರಶ್ನೆ ಯೋಗ್ಯವಾದುದೇ. ಹಳಿದಿದ್ದಾರೆ, ನಿಜ, ಆದರೆ ಹರಿದಾಟವನ್ನು ಹಳಿದಿದ್ದಾರೆ. ಒಂದು ಸೀತಾಫಲ ಬಾಯಲ್ಲಿರುವಾಗಲೇ ಕಣ್ಣು ಬುಟ್ಟಿಯಲ್ಲಿ ಉಳಿದವುಗಳನ್ನು ಎಣಿಸುತ್ತಿದ್ದರೆ ಅದು ಹರಿದಾಟ. ಅಂಥವನಿಗೆ ಬಾಯಲ್ಲಿದ್ದುದೂ ದಕ್ಕುವುದಿಲ್ಲ, ಬುಟ್ಟಿಯಲ್ಲಿದ್ದುದೂ ದಕ್ಕುವುದಿಲ್ಲ. ಬಾಯಲ್ಲಿದ್ದುದನ್ನು ಪೂರ್ತಿಯಾಗಿ ಉಂಡವನಿಗೆ ಎರಡನೆಯದು ಬೇಕೆನಿಸುವುದು ಕಡಿಮೆ. ನಂಬಿಕೆಯಿಲ್ಲದವರು ಮನೆಯಲ್ಲಿ ಪ್ರಯೋಗ ಮಾಡಿ ನೋಡಬಹುದು. ಇದಕ್ಕೆ ಗುರೂಪದೇಶವೇನೂ ಬೇಡ.

ಆದರೆ ಇದಕ್ಕಿಂತ ಬಿಗಿಯಾದ ಪ್ರಶ್ನೆಯೊಂದಿದೆ. ಅದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾವೇ ಕೇಳಿಕೊಳ್ಳಬೇಕಾಗಿದೆ. ಈ ಹಣ್ಣು ಮನೆಗೆ ಹೇಗೆ ಬಂದಿತು?

ಪ್ರತಿವರ್ಷ ಈ ದಿನಗಳಲ್ಲಿ ನಮ್ಮ ಕಡೆಯ ಎಲ್ಲ ಊರುಗಳ ಓಣಿಗಳಲ್ಲಿಯೂ ನಡೆಯುವ ಮಾತುಕತೆ ಇದು. ತಲೆಯ ಮೇಲಿನ ಬುಟ್ಟಿಯನ್ನು ಕಟ್ಟೆಗೆ ಇಳಿಸಿ ಒಬ್ಬ ತಾಯಿ ಕುಳಿತಿದ್ದಾಳೆ. ಮನೆಯಾಕೆ ಕಾಯಿಗಳನ್ನು ಆರಿಸುತ್ತ ಹೇಳುತ್ತಾಳೆ: “ಇಷ್ಟ್ಯಾಕ ಹೇಳ್ತೀಯವ್ವಾ, ಗುಡ್ಡದಾಗ ಪುಕ್ಕಟೆ ಬೆಳೀತಾವು. ಹತ್ತು ರೂಪಾಯಿ ಬಿಡು.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಅನ್ನುತ್ತಾಳೆ: “ಅಕ್ಕಾರ, ಬೆಳಿಯೂದು ಪುಕ್ಕಟೇನ ಖರೆ. ನಸಿಕಿನ್ಯಾಗ ಎದ್ದು ಗುಡ್ಡಾ ಏರೂದು ಪುಕ್ಕಟೆ ಅಲ್ಲರಿ.” ಕೊನೆಗೆ ಹತ್ತು ರೂಪಾಯಿ ಬಿಟ್ಟೇ ಕೊಡುತ್ತಾಳೆ, ಬಿಸಿಲೇರುವ ಮೊದಲು ಬುಟ್ಟಿ ಖಾಲಿಯಾಗಬೇಕಲ್ಲ. ಮನೆಯಾಕೆ ಒಳಗೆ ಬಂದು ಗಂಡನಿಗೆ ಮೊದಲು ಹೇಳುವುದು ಹಣ್ಣಿನ ಸುದ್ದಿಯನ್ನಲ್ಲ, ಹತ್ತು ರೂಪಾಯಿಯ ಸುದ್ದಿಯನ್ನು.

ಸೀತಾಫಲವನ್ನು ಗುಡ್ಡ ಪುಕ್ಕಟೆ ಕೊಟ್ಟಿದ್ದು ನಮಗಲ್ಲ, ಆ ತಾಯಿಗೆ. ಆಕೆಯ ಪಾಲನ್ನು ಕಡಿದು ತಂದ ಪದಾರ್ಥವನ್ನು ಲಿಂಗಕ್ಕೆ ತೋರುವುದು ಹೇಗೆ? ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ತಾವು ಪುರಾಣಗಳಲ್ಲಿ ಕೇಳಿದ್ದೀರಿ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕ ಅವರದು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ನಮಗೆ ಸಲ್ಲತಕ್ಕುದಕ್ಕಿಂತ ಹೆಚ್ಚಾದುದು ಲಿಂಗಕ್ಕೆ ಸಲ್ಲದೆಂದು ಗಂಡನನ್ನು ತಿರುಗಿ ಕಳಿಸಿದರು. ಕದ್ದ ಅಕ್ಕಿಯಲ್ಲ ಅದು, ಮೋಸದ ಅಕ್ಕಿಯಲ್ಲ. ನೆಲಕ್ಕೆ ಬಿದ್ದುದು, ಯಾರೂ ಕೇಳದುದು. ಆದರೂ ಬೇಡವೆಂದರು. ಲಕ್ಕಮ್ಮನವರ ಅಡುಗೆಮನೆಯ ಈ ಕಟ್ಟುನಿಟ್ಟನ್ನು ನಾವು ವೇದಿಕೆಯ ಮೇಲೆ ಕೊಂಡಾಡುತ್ತೇವೆ, ಕಟ್ಟೆಯ ಮೇಲೆ ಮರೆಯುತ್ತೇವೆ.

ಈ ಪತ್ರಿಕೆಯನ್ನು ಓದುವವರಲ್ಲಿ ಸೀರೆಯ ವ್ಯಾಪಾರಸ್ಥರೂ ಬಹಳ ಜನರಿದ್ದೀರಿ. ತಮ್ಮಿಂದ ದಾಸೋಹಗಳು ನಡೆದಿವೆ. ಅದನ್ನು ಮರೆತು ಮಾತಾಡುತ್ತಿಲ್ಲ. ದೀಪಾವಳಿ ಹತ್ತಿರ ಬಂದಿತು. ಅಂಗಡಿಗೆ ಸುಣ್ಣ ಬಣ್ಣ ನಡೆದಿರಬೇಕು, ಹೊಸ ಖಾತೆಪುಸ್ತಕ ಬಂದಿರಬೇಕು. ಹಳೆಯ ಪುಸ್ತಕದಲ್ಲಿ ನೇಕಾರನ ಕೂಲಿ ಎಲ್ಲಿಯಾದರೂ ಬಾಕಿ ನಿಂತಿದೆಯೇ ನೋಡಿರಿ. “ಹಬ್ಬ ಮುಗಿಯಲಿ, ಕೊಡೋಣ” ಎಂಬ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ. ಕೊಡುವವನಿಗೆ ಅದು ನಾಲ್ಕು ದಿನದ ಮಾತು. ತೆಗೆದುಕೊಳ್ಳುವವನಿಗೆ ಹಬ್ಬವೇ ಅದು. ಕುಣಿಯ ನೆಲ ಒಣಗಿ ಕಾಲಿಗೆ ಸುಖವಾಯಿತೆಂದು ಮೇಲೆ ಹೇಳಿದೆವು. ಮನೆಯಲ್ಲಿ ಹಿಟ್ಟಿಲ್ಲದವನಿಗೆ ಆ ಸುಖವನ್ನು ಬಣ್ಣಿಸ ಹೋದರೆ ಅವನು ನಮ್ಮನ್ನು ಹೊಡೆಯದೆ ಬಿಟ್ಟುದೇ ದೊಡ್ಡದು. ಸಣ್ಣ ಸುಖಗಳನ್ನು ಕಾಣಲಿಕ್ಕೆ ಮನಸ್ಸಿಗೆ ಸ್ವಲ್ಪ ಬಿಡುವು ಬೇಕು. ಆ ಬಿಡುವು ಅನೇಕರಿಗೆ ಸಿಗದಿರುವುದು ಅವರ ಅವಧಾನದ ಕೊರತೆಯಿಂದಲ್ಲ, ನಮ್ಮ ಬಾಕಿಯಿಂದ. ಹಬ್ಬದ ಮುಂಚಿನ ಈ ಹೆಸರಿಲ್ಲದ ದಿನಗಳಲ್ಲಿ ಒಂದನ್ನು ಆ ಲೆಕ್ಕ ತೀರಿಸಲು ಇಟ್ಟುಕೊಂಡರೆ, ಪಂಚಾಂಗದಲ್ಲಿ ಅದಕ್ಕೆ ಹೆಸರಿಲ್ಲದಿದ್ದರೂ ಚಿಂತೆಯಿಲ್ಲ.

ಇನ್ನೊಂದು ವಿಷಯ ಉಳಿದಿದೆ. ಹೇಳಲು ಸ್ವಲ್ಪ ಹಿಂಜರಿಕೆಯಾಗುತ್ತದೆ. ಈ ವರ್ಷ ಕೆಲವು ಮನೆಗಳಲ್ಲಿ ಒಂದು ತಟ್ಟೆ ಕಡಿಮೆಯಾಗಿದೆ. ಮಗನನ್ನು ಕಳೆದುಕೊಂಡ ತಾಯಿ ಇದ್ದಾಳೆ. ನಲವತ್ತು ವರ್ಷ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದುಣಿಸಿದ ಹೆಂಡತಿಯನ್ನು ಮಣ್ಣಿಗಿಟ್ಟು ಬಂದ ಮುದುಕನಿದ್ದಾನೆ. ಅವರಿಗೂ ಇದೇ ಬಿಸಿಲು ಬೀಳುತ್ತದೆ, ಇದೇ ಗಂಧ ಬರುತ್ತದೆ. ಅದು ಅವರನ್ನು ಸುಡುತ್ತದೆ. “ಲಿಂಗೈಕ್ಯರಾದರು, ದುಃಖಿಸಬಾರದು” ಎಂದು ತತ್ತ್ವ ಹೇಳುವುದಕ್ಕೆ ಆ ಮನೆಗೆ ಬಹಳ ಜನ ಹೋಗಿ ಬಂದಿದ್ದಾರೆ. ತತ್ತ್ವ ಸರಿಯಾದುದೇ, ಆದರೆ ಅದನ್ನು ನುಂಗುವ ಗಂಟಲು ಅಂದು ಇರುವುದಿಲ್ಲ. ಹಿಂದಿನ ಶರತ್ಕಾಲದಲ್ಲಿ ತೀರಿಹೋದವರ ಕೈಯಿಂದ ಸೀತಾಫಲ ಒಡೆಸಿಕೊಂಡು ತಿಂದವರಿಗೆ ಈ ವರ್ಷ ಆ ಹಣ್ಣನ್ನು ಮುಟ್ಟುವುದೇ ತಪ್ಪೆನಿಸುತ್ತದೆ. ಸುಖಪಟ್ಟರೆ ಅವರನ್ನು ಮರೆತಂತಾಯಿತೆಂಬ ಭಯ.

ಅಂಥವರಿಗೆ ನಾವು ಒಂದೇ ಮಾತು ಹೇಳಬಲ್ಲೆವು. ಪ್ರಸಾದವು ಸಿಹಿಯಾಗಿಯೇ ಇರಬೇಕೆಂದು ಯಾವ ಶರಣರೂ ಹೇಳಿಲ್ಲ. ಕಣ್ಣೀರು ಬೆರೆತ ರುಚಿಯೂ ರುಚಿಯೇ. ನಾಲಗೆಯಲ್ಲಿರುವ ಗುರುಲಿಂಗಕ್ಕೆ ಅದೂ ಸಲ್ಲುತ್ತದೆ. ಹೋದವರ ಕೈರುಚಿಯನ್ನು ನೆನೆಯುತ್ತ ಉಂಡ ತುತ್ತು ಮರೆವಿನ ತುತ್ತಲ್ಲ. ಇಂದು ಆಗದಿದ್ದರೆ ನಾಳೆ, ಈ ವರ್ಷ ಆಗದಿದ್ದರೆ ಬರುವ ವರ್ಷ; ಗುಡ್ಡ ಕಾದಿರುತ್ತದೆ. ಯಾರೂ ಅವಸರ ಮಾಡಬೇಕಾದುದಿಲ್ಲ.

ನೆರೆಹೊರೆಯವರಿಗೆ ಮಾತ್ರ ಒಂದು ಸೂಚನೆ. ಬಹುಳ ಪಕ್ಷವಾದುದರಿಂದ ಈಗ ಚಂದ್ರ ತಡವಾಗಿ ಹುಟ್ಟುತ್ತಾನೆ. ಸಂಜೆಗಳು ಬೇಗ ಕತ್ತಲಾಗುತ್ತವೆ. ಮಗ್ಗ ನಿಲ್ಲಿಸಿ, ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದವರು ಕೈಕಾಲು ತೊಳೆದುಕೊಂಡು, ಮೆತ್ತಗಾದ ಎರಡು ಹಣ್ಣು ಆರಿಸಿಕೊಂಡು ಆ ಮನೆಯ ಕಡೆಗೆ ಹೋಗಿ ಬನ್ನಿರಿ. ಉಪದೇಶ ಬೇಡ. ಮಳೆಯ ಮಾತು, ಬಿತ್ತಿಗೆಯ ಮಾತು, ಮಕ್ಕಳ ಮಾತು ಇಷ್ಟು ಸಾಕು. ಹಣ್ಣನ್ನು ಅವರ ಮುಂದೆ ಒಡೆಯಿರಿ; ಅರ್ಧ ಅವರ ಕೈಗೆ ಕೊಟ್ಟು, ಅರ್ಧವನ್ನು ತಾವು ಅವರ ಸಂಗಡ ಕುಳಿತು ಉಣ್ಣಿರಿ. ಅವರು ತಮ್ಮ ಪಾಲನ್ನು ತಟ್ಟೆಯಲ್ಲಿಯೇ ಬಿಟ್ಟರೆ, ಮುಚ್ಚಿಟ್ಟು ಬನ್ನಿರಿ.